ಕ್ಯಾಂಪಸ್‌ಗೆ ಫೈಬರ್ ಹಾಕಿಸುವ ಮುನ್ನ: ಮಾಡಿಸಿದವರ, ಬಳಸುವವರ ಅನುಭವ ಬೇಕು

ಕೇಳಿದವರು: ಅಧ್ಯಾಪಕ, ಕ್ಯಾಂಪಸ್ ಜಾಲ ಸಮಿತಿಯ ಸದಸ್ಯ

ನಮ್ಮ ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಈಗಿರುವುದು ಬಹುತೇಕ ತಾಮ್ರದ ಕೇಬಲ್. ಅದರ ಬದಲು ಆಪ್ಟಿಕಲ್ ಫೈಬರ್ ಹಾಕುವ ಪ್ರಸ್ತಾವ ಸಮಿತಿಯ ಮುಂದಿದೆ. ಸಂಜೆಯಾದರೆ ಹಾಸ್ಟೆಲ್‌ಗಳಲ್ಲಿ ಪಾಠದ ವಿಡಿಯೊ ನಿಂತು ನಿಂತು ಓಡುತ್ತದೆ, ಪ್ರಯೋಗಾಲಯಗಳವರ ದೂರು ಬೇರೆ. ನಾನು ಈ ವಿಷಯದ ತಜ್ಞನಲ್ಲ. ಫೈಬರ್‌ನಿಂದ ನಿಜಕ್ಕೂ ಎಷ್ಟು ಸುಧಾರಿಸುತ್ತದೆ? ಒಪ್ಪಿಗೆ ಕೊಡುವ ಮುನ್ನ ಏನೇನು ಕೇಳಬೇಕು? ದಯವಿಟ್ಟು ತಿಳಿಸಿ.

ಉತ್ತರ: ಕ್ಯಾಂಪಸ್ ಜಾಲ ನೋಡಿಕೊಳ್ಳುವ ಎಂಜಿನಿಯರ್

ಸರ್, ಮೊದಲು ಜಾಲ ಎಲ್ಲಿ ಕಟ್ಟಿಕೊಂಡಿದೆ ಎಂದು ಅಳೆಸಿ. ಕ್ಯಾಂಪಸ್‌ನ ಒಳಗಿನ ದಾರಿ ಒಂದು, ಕ್ಯಾಂಪಸ್‌ನಿಂದ ಹೊರಗೆ ಹೋಗುವ ದಾರಿ ಇನ್ನೊಂದು. ಹಾಸ್ಟೆಲ್‌ನಲ್ಲಿ ಒಂದು ಲ್ಯಾಪ್‌ಟಾಪ್, ಸರ್ವರ್ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಎರಡರ ನಡುವೆ ಐಪರ್ಫ್ ಎಂಬ ಉಚಿತ ತಂತ್ರಾಂಶ ಓಡಿಸಿದರೆ ಒಳದಾರಿಯ ಸಾಮರ್ಥ್ಯ ತಿಳಿಯುತ್ತದೆ. ಇದನ್ನು ದಟ್ಟಣೆಯ ಸಂಜೆ ವೇಳೆಯಲ್ಲೇ ಮಾಡಬೇಕು, ಬೆಳಗಿನ ಅಂಕಿಗಳು ಏನನ್ನೂ ಹೇಳುವುದಿಲ್ಲ. ಒಳಗೆ ಚೆನ್ನಾಗಿದ್ದು ಹೊರಗೆ ಮಾತ್ರ ನಿಧಾನವಾದರೆ, ಕಟ್ಟಡಗಳ ನಡುವೆ ಫೈಬರ್ ಎಳೆಯುವುದು ತೂಬನ್ನು ಹಾಗೆಯೇ ಬಿಟ್ಟು ಕಾಲುವೆಯನ್ನಷ್ಟೇ ಅಗಲ ಮಾಡಿದಂತೆ. ಆಗ ಹಣ ಹೊರಸಂಪರ್ಕಕ್ಕೆ ಹೋಗಬೇಕು.

ನಾನು ಕೆಲಸ ಮಾಡುವಲ್ಲಿ ತೊಂದರೆ ಒಳಗೇ ಇತ್ತು. ಈಥರ್ನೆಟ್‌ನ ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಕಟ್ಟಡಗಳ ಅಂತರ ಅದಕ್ಕಿಂತ ಹೆಚ್ಚಾದಾಗ ನಡುವೆ ಒಂದು ಸ್ವಿಚ್ (ಕೇಬಲ್‌ಗಳನ್ನು ಸೇರಿಸಿ ಸಂಚಾರವನ್ನು ಮುಂದಕ್ಕೆ ಕಳಿಸುವ ಪೆಟ್ಟಿಗೆ), ಅದರಿಂದ ಮುಂದಿನ ಕಟ್ಟಡಕ್ಕೆ ಮತ್ತೊಂದು ಎಂದು ಸರಪಣಿ ಬೆಳೆಯುತ್ತ ಹೋಗುತ್ತದೆ. ಕೊನೆಯ ಹಾಸ್ಟೆಲ್‌ನವರ ಸಂಚಾರವೆಲ್ಲ ಮುಂದಿನ ಕಟ್ಟಡಗಳ ಸಂಚಾರದೊಂದಿಗೆ ಒಂದೇ 1 ಗಿಗಾಬಿಟ್ ಕೊಂಡಿಯಲ್ಲಿ ನುಗ್ಗುತ್ತಿತ್ತು. ಸಂಜೆಯ ಗ್ರಾಫ್ ಮೇಲೇರಿ, ನೆತ್ತಿ ಚಪ್ಪಟೆಯಾಗಿ ಗಂಟೆಗಟ್ಟಲೆ ಹಾಗೆಯೇ ನಿಂತಿರುತ್ತಿತ್ತು. ಆ ಚಪ್ಪಟೆ ನೆತ್ತಿಯೇ ನಿಮಗೆ ಬೇಕಾದ ಸಾಕ್ಷ್ಯ. ಸಮಿತಿಯಲ್ಲಿ ಅದನ್ನು ಕೇಳಿ ಪಡೆಯಿರಿ.

ಫೈಬರ್ ಬಂದ ಮೇಲೆ ಸರಪಣಿ ಹೋಯಿತು. ಪ್ರತಿ ಕಟ್ಟಡದಿಂದ ಸರ್ವರ್ ಕೋಣೆಗೆ ನೇರ ದಾರಿ, ಪ್ರತಿಯೊಂದಕ್ಕೂ 10 ಗಿಗಾಬಿಟ್. ಹಾಸ್ಟೆಲ್‌ನ ದಟ್ಟಣೆ ಗ್ರಂಥಾಲಯವನ್ನು ಕಾಡುವುದು ಅಲ್ಲಿಗೆ ನಿಂತಿತು. ನನ್ನ ಮಟ್ಟಿಗೆ ಫೈಬರ್‌ನ ಅತಿ ದೊಡ್ಡ ಲಾಭ ಇದೇ.

ಬೆಳಕು ವೇಗವಾಗಿ ಓಡುತ್ತದೆ, ಆದ್ದರಿಂದ ಇಂಟರ್‌ನೆಟ್ ವೇಗ ಎಂದು ಮಾರಾಟಗಾರರು ಹೇಳಿದರೆ ಒಪ್ಪಬೇಡಿ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ತಾಮ್ರದಲ್ಲಿ ಸಂಕೇತದ ವೇಗವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವಿರುವುದು ಸೆಕೆಂಡಿಗೆ ಎಷ್ಟು ಬಿಟ್‌ಗಳನ್ನು ಎಷ್ಟು ದೂರ ಕೆಡದಂತೆ ಸಾಗಿಸಬಹುದು ಎಂಬುದರಲ್ಲಿ. ತಾಮ್ರದಲ್ಲಿ ಆವರ್ತನ ಏರಿದಂತೆ ನಷ್ಟವೂ ಏರುತ್ತದೆ. ಬೆಳಕು ಒಂದೇ ದಾರಿಯಲ್ಲಿ ಸಾಗುವ, ತೆಳು ಗರ್ಭದ ಸಿಂಗಲ್ ಮೋಡ್ ಫೈಬರ್‌ನಲ್ಲಿ 1310 ನ್ಯಾನೋಮೀಟರ್ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ ನಷ್ಟ. ಒಂದು ಕಿಲೋಮೀಟರ್ ದಾಟಿದ ಮೇಲೂ ನೂರಕ್ಕೆ 92ರಷ್ಟು ಬೆಳಕು ಉಳಿದಿರುತ್ತದೆ.

ಉತ್ತರ: ಫೈಬರ್ ಬೆಸೆಯುವ ಕೆಲಸದವರು

ಮೇಲಿನವರು ಹೇಳಿದ್ದು ಸರಿ. ಕೇಬಲ್ ಬಗ್ಗೆ ನಾನು ಹೇಳುತ್ತೇನೆ.

ಕಟ್ಟಡಗಳ ನಡುವೆ ಸಿಂಗಲ್ ಮೋಡ್ ಬಿಟ್ಟು ಬೇರೇನನ್ನೂ ಒಪ್ಪಬೇಡಿ. ಹಿಂದೆ 62.5 ಮೈಕ್ರಾನ್ ಗರ್ಭದ, ಬೆಳಕು ಹಲವು ದಾರಿಗಳಲ್ಲಿ ಸಾಗುವ ಮಲ್ಟಿಮೋಡ್ ಹಾಕಿಸಿದ ಕ್ಯಾಂಪಸ್‌ಗಳ ಪಾಡು ನೋಡಿದ್ದೇನೆ. 1 ಗಿಗಾಬಿಟ್‌ವರೆಗೆ ಹೇಗೋ ನಡೆಯಿತು. 10 ಗಿಗಾಬಿಟ್‌ಗೆ ಹೋಗಲು ಹೊರಟಾಗ ಹತ್ತಿರದ ದೂರಕ್ಕೆ ಬಳಸುವ ಸಾಮಾನ್ಯ ಎಸ್‌ಆರ್ ಮಾಡ್ಯೂಲ್ (ಫೈಬರ್ ತುದಿಯಲ್ಲಿ ಬೆಳಕು ಕಳಿಸಿ ಪಡೆಯುವ ಬಿಡಿಭಾಗ) ಅದರಲ್ಲಿ ತಲುಪುವುದು 33 ಮೀಟರ್ ಮಾತ್ರ. ನೆಲ ಮತ್ತೆ ಅಗೆಯಬೇಕಾಯಿತು. ಸುಮಾರು 9 ಮೈಕ್ರಾನ್ ಗರ್ಭವಿರುವ ಸಿಂಗಲ್ ಮೋಡ್‌ನಲ್ಲಿ ಹೆಚ್ಚು ದೂರಕ್ಕೆ ಬಳಸುವ 10 ಗಿಗಾಬಿಟ್‌ನ ಎಲ್‌ಆರ್ ಮಾಡ್ಯೂಲ್ 10 ಕಿಲೋಮೀಟರ್ ಹೋಗುತ್ತದೆ. ನಾಳೆ 100 ಗಿಗಾಬಿಟ್ ಬೇಕಾದರೆ ಎರಡು ತುದಿಯ ಉಪಕರಣ ಬದಲಿಸಿದರೆ ಸಾಕು, ಅದೇ ಗಾಜು ನಡೆಯುತ್ತದೆ.

ಖರ್ಚು ಬೀಳುವುದು ಅಗೆತಕ್ಕೆ, ಗಾಜಿನ ಎಳೆಗಳಿಗಲ್ಲ. ಆದ್ದರಿಂದ ಎರಡು ಕೋರ್ (ಗಾಜಿನ ಎಳೆ) ಸಾಕಾದ ಕಡೆಗೂ 12 ಅಥವಾ 24 ಕೋರ್‌ನ ಕೇಬಲ್ ಹಾಕಿಸಿ, ಜೊತೆಗೆ ಮುಂದೆ ಕೇಬಲ್ ಎಳೆಯಲು ಒಂದು ಖಾಲಿ ಡಕ್ಟ್ (ಕೊಳವೆ) ಹೂಳಿಸಿ. ಇಲಿ, ಹೆಗ್ಗಣಗಳಿರುವ ಕಡೆ ಉಕ್ಕಿನ ಕವಚದ ಕೇಬಲ್ ಬೇಕು. ಆ ಕವಚವನ್ನು ಕಟ್ಟಡದ ಬಳಿ ಅರ್ಥ್ ಮಾಡಿಸಲೇಬೇಕು.

ಕೊನೆಯದಾಗಿ ಕೊಳೆ. ಚೆನ್ನಾಗಿ ಬೆಸೆದ ಜೋಡಣೆಯ ನಷ್ಟ 0.1 ಡೆಸಿಬೆಲ್‌ಗಿಂತ ಕಡಿಮೆ. ಕನೆಕ್ಟರ್ ತುದಿಯ ಮೇಲೆ ಕೂತ ಒಂದು ಧೂಳಿನ ಕಣ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಾಳುಮಾಡುತ್ತದೆ. ಸಿಕ್ಕಿಸುವ ಪ್ರತಿ ಸಲವೂ ಒರೆಸಬೇಕು. ಹಸಿರು ತಲೆಯ ಕನೆಕ್ಟರನ್ನು ನೀಲಿಯದಕ್ಕೆ ಜೋಡಿಸಬಾರದು: ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ಎರಡೂ ಸರಿಯಾಗಿ ಕೂರುವುದಿಲ್ಲ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಜೀವವಿಜ್ಞಾನ

ಬಳಸುವವಳಾಗಿ ಹೇಳುತ್ತೇನೆ. ಸೂಕ್ಷ್ಮದರ್ಶಕದ ಚಿತ್ರಗಳ ಒಂದು ಕಡತವೇ ನೂರಾರು ಗಿಗಾಬೈಟ್ ಆಗುತ್ತದೆ. ನಾವು ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಗಣಕ ಕೇಂದ್ರಕ್ಕೆ ನಡೆದೇ ಹೋಗುತ್ತಿದ್ದೆವು. ನಮ್ಮ ಕಟ್ಟಡಕ್ಕೆ ಫೈಬರ್ ಬಂತು, ಎಲ್ಲರೂ ಸಂತೋಷಪಟ್ಟರು, ನಮ್ಮ ಮೇಜಿನಲ್ಲಿ ಮಾತ್ರ ವೇಗ ಸ್ವಲ್ಪವೂ ಬದಲಾಗಲಿಲ್ಲ. ಕಾರಣ ಗೋಡೆಯೊಳಗಿನ ಹಳೆಯ ಕೇಬಲ್. ಗಿಗಾಬಿಟ್‌ಗೆ ಅದರ ನಾಲ್ಕು ಜೋಡಿ ತಂತಿಗಳೂ ಬೇಕು. ಒಂದು ಜೋಡಿ ತುಂಡಾಗಿದ್ದರಿಂದ ಸಂಪರ್ಕ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದಿತ್ತು. ಆ ವೇಗದಲ್ಲಿ 100 ಗಿಗಾಬೈಟ್ ಕಳಿಸಲು ಎರಡು ಗಂಟೆಗೂ ಮೀರಿ ಬೇಕು, 1 ಗಿಗಾಬಿಟ್‌ನಲ್ಲಿ ಸುಮಾರು ಕಾಲು ಗಂಟೆ. ಕಟ್ಟಡದ ಒಳಗಿನ ಕೇಬಲ್ ಪರೀಕ್ಷೆಯನ್ನೂ ಯೋಜನೆಯಲ್ಲಿ ಸೇರಿಸಿ ಸರ್. ಇದು ಯಾರ ಕೆಲಸವೂ ಅಲ್ಲ ಎಂದು ಬಿಟ್ಟುಹೋಗುವ ಭಾಗ.

ಉತ್ತರ: ಹಾಸ್ಟೆಲ್ ವೈಫೈ ನಿರ್ವಹಿಸುವವರು

ಫೈಬರ್ ಬಂದ ಮಾತ್ರಕ್ಕೆ ರೇಡಿಯೊ ಬದಲಾಗುವುದಿಲ್ಲ. ಒಂದು ಆಕ್ಸೆಸ್ ಪಾಯಿಂಟ್‌ಗೆ (ವೈಫೈ ಹರಡುವ ಪೆಟ್ಟಿಗೆಗೆ) ಎಷ್ಟು ಕೋಣೆಗಳು ಜೋತುಬಿದ್ದಿವೆ ಎಂದು ಎಣಿಸಿ. ಕಾರಿಡಾರ್‌ನ ಎರಡು ತುದಿಗೆ ಒಂದೊಂದು ಇಟ್ಟು ಮುಗಿಸಿದ್ದರೆ ಅಲ್ಲೇ ತೊಂದರೆ.

ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇನ್ನೊಂದು ಪ್ರಶ್ನೆ: ಗುತ್ತಿಗೆದಾರರೊಬ್ಬರು ಒಂದು ಫೈಬರನ್ನು 32 ಕವಲು ಮಾಡುವ ಜಿಪಾನ್ ವ್ಯವಸ್ಥೆಯನ್ನು ಇಡೀ ಕ್ಯಾಂಪಸ್‌ಗೆ ಸೂಚಿಸಿದ್ದಾರೆ. ಅಗ್ಗ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಕ್ಯಾಂಪಸ್ ಜಾಲ ನೋಡಿಕೊಳ್ಳುವ ಎಂಜಿನಿಯರ್

ಹಾಸ್ಟೆಲ್ ಕೋಣೆಗಳಿಗೆ ಒಪ್ಪಬಹುದು, ಪ್ರಯೋಗಾಲಯಗಳಿಗೆ ಬೇಡ. ಜಿಪಾನ್‌ನಲ್ಲಿ ಇಳಿಮುಖವಾಗಿ (ಬಳಸುವವರ ಕಡೆಗೆ) ಸುಮಾರು 2.5, ಏರುಮುಖವಾಗಿ (ಅವರಿಂದ ಹೊರಕ್ಕೆ) ಸುಮಾರು 1.25 ಗಿಗಾಬಿಟ್ ಇರುತ್ತದೆ, ಅದನ್ನೇ 32 ಕವಲುಗಳೂ ಹಂಚಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೆ ಬಳಸಿದರೆ ಒಬ್ಬೊಬ್ಬರಿಗೆ ಇಳಿಮುಖ 78, ಏರುಮುಖ 39 ಮೆಗಾಬಿಟ್‌ನಷ್ಟೇ. ವಿಡಿಯೊ ನೋಡಲು ಧಾರಾಳವಾಗಿ ಸಾಕು. ಮೇಲಿನ ಸಹೋದರಿಯ ಕಡತ ಕಳಿಸಲು ಸಾಲದು. ಪ್ರಯೋಗಾಲಯ, ಗ್ರಂಥಾಲಯ, ಗಣಕ ಕೇಂದ್ರಗಳಿಗೆ ಕವಲಿಲ್ಲದ ನೇರ ಕೋರ್‌ಗಳನ್ನೇ ಕೇಳಿ. ಹಾಸ್ಟೆಲ್‌ಗಳಿಗೆ ಜಿಪಾನ್ ಹಾಕಿದರೂ ಮುಂದೆ ಎರಡೂ ದಿಕ್ಕಿಗೆ 10 ಗಿಗಾಬಿಟ್ ಕೊಡುವ ಎಕ್ಸ್‌ಜಿಎಸ್-ಪಾನ್ ಅದೇ ಫೈಬರ್‌ನಲ್ಲಿ, ಬೇರೆ ತರಂಗಾಂತರದಲ್ಲಿ, ಜೊತೆಯಾಗಿಯೇ ಓಡಬಲ್ಲದು.

ಉತ್ತರ: ಫೈಬರ್ ಬೆಸೆಯುವ ಕೆಲಸದವರು

ಟೆಂಡರ್‌ನಲ್ಲಿ ಒಂದು ಷರತ್ತು ಬರೆಸಿ: ಬಳಸದೆ ಬಿಟ್ಟವೂ ಸೇರಿ ಪ್ರತಿ ಕೋರ್‌ಗೂ 1310 ಮತ್ತು 1550 ನ್ಯಾನೋಮೀಟರ್‌ನಲ್ಲಿ, ಎರಡೂ ತುದಿಯಿಂದ ತೆಗೆದ ಓಟಿಡಿಆರ್ (ಬೆಳಕಿನ ಮಿಡಿತ ಕಳಿಸಿ ಎಲ್ಲಿ ಎಷ್ಟು ನಷ್ಟವೆಂದು ತೋರಿಸುವ ಉಪಕರಣ) ವರದಿ ಕೊಡಬೇಕು. ಎಲ್ಲಿಯಾದರೂ ಕೇಬಲ್ ಅತಿಯಾಗಿ ಬಾಗಿದ್ದರೆ 1550ರಲ್ಲಿ ನಷ್ಟ ಎದ್ದು ಕಾಣುತ್ತದೆ, 1310ರಲ್ಲಿ ಅಡಗಿರುತ್ತದೆ. ಆ ವರದಿ ಕೈಗೆ ಬಂದು, ಯಾರಾದರೂ ಓದಿ ನೋಡುವವರೆಗೆ ಕೊನೆಯ ಬಿಲ್ಲಿಗೆ ಸಹಿ ಹಾಕಬೇಡಿ.