ಆರು ಗೇರ್ ಬಿಟ್ಟು ಒಂಬತ್ತು ಗೇರ್ ಲಾರಿ ಹತ್ತಿದ್ದೇನೆ, ಕೈ ಕೂರುತ್ತಿಲ್ಲ

ಕೇಳಿದವರು, ಶಿವಮೊಗ್ಗ
ಹನ್ನೊಂದು ವರ್ಷ ಆರು ಗೇರ್ ಲಾರಿಯಲ್ಲೇ ಅಡಿಕೆ, ಅಕ್ಕಿ, ಸಿಮೆಂಟ್ ಹೊಡೆದವನು ನಾನು. ಈಗ ಮಾಲೀಕರು 10 ಚಕ್ರದ ಹೊಸ ಗಾಡಿ ಕೊಟ್ಟಿದ್ದಾರೆ. ಒಂಬತ್ತು ಗೇರ್, ಡಬಲ್ ಎಚ್, ಅಂದರೆ ಲಿವರ್ ಓಡುವ ದಾರಿ ಎರಡು ಎಚ್ ಅಕ್ಷರ ಪಕ್ಕಪಕ್ಕ ಇಟ್ಟ ಹಾಗೆ: ಎಡಕ್ಕೆ ಒಂದರಿಂದ ನಾಲ್ಕು, ಬಲಕ್ಕೆ ಐದರಿಂದ ಎಂಟು. ನಾಲ್ಕರಿಂದ ಐದಕ್ಕೆ ಹಾಕಲು ಹೋದರೆ ಒಮ್ಮೆ ಮೂರಕ್ಕೆ ಬೀಳುತ್ತದೆ, ಒಮ್ಮೆ ಏಳಕ್ಕೆ. ಮುಂದಿನ ವಾರ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಲೋಡ್ ಇದೆ. ಪಳಗಿದವರು ಹೇಳಿ.

ಸಾಗರದಿಂದ
ನನಗೂ ಇದೇ ಆಗಿತ್ತು. ತಪ್ಪು ಕೈಯಲ್ಲಿದೆ, ಗೇರ್‌ನಲ್ಲಿಲ್ಲ. ನೀವು ಲಿವರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತೀರಿ, ಅಲ್ವಾ? ಹಿಡಿಯಬೇಡಿ. ನಾಲ್ಕರಿಂದ ನ್ಯೂಟ್ರಲ್‌ಗೆ ತಂದು, ಬರೀ ಅಂಗೈಯಿಂದ ಬಲಕ್ಕೆ ಒಂದು ಏಟು ಕೊಟ್ಟು ಕೈ ಸಡಿಲ ಬಿಡಿ. ಒಳಗಿನ ಸ್ಪ್ರಿಂಗ್ ಲಿವರನ್ನು ತಾನೇ ಐದು-ಆರರ ಸಾಲಿಗೆ ತಂದು ನಿಲ್ಲಿಸುತ್ತದೆ. ಆಮೇಲೆ ನೇರ ಮುಂದಕ್ಕೆ ತಳ್ಳಿ. ಏಟು ಸಾಲದಿದ್ದರೆ ಮೂರು. ಏಟು ಕೊಟ್ಟೂ ಬಲಕ್ಕೇ ಒತ್ತಿ ಹಿಡಿದರೆ ಏಳು. ನಾಲ್ಕರ ಓಟದಲ್ಲಿ ಮೂರಕ್ಕೆ ಬಿದ್ದರೆ ಇಂಜಿನ್ ಕೂಗುವ ಕೂಗು ನನ್ನ ಕ್ಲೀನರ್ ಇವತ್ತಿಗೂ ಅಣಕಿಸಿ ತೋರಿಸುತ್ತಾನೆ.

ನಾನು ಎರಡು ಸಂಜೆ ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಕ್ಲಚ್ ತುಳಿದುಕೊಂಡು ಇದನ್ನೇ ಮಾಡಿದೆ. ಲಿವರ್ ನೋಡದೆ, ಕಣ್ಣು ರಸ್ತೆ ಕಡೆಗೆ. ಮನೆಯವರು ಹುಚ್ಚು ಹಿಡಿದಿದೆ ಅಂದುಕೊಂಡರು.

ಆಟೋ ಕಾಂಪ್ಲೆಕ್ಸ್‌ನ ಮೆಕ್ಯಾನಿಕ್
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಲೋ ಸಾಲಿನಿಂದ (ಒಂದರಿಂದ ನಾಲ್ಕು) ಹೈ ಸಾಲಿಗೆ (ಐದರಿಂದ ಎಂಟು) ದಾಟಿಸುವುದು ಟ್ಯಾಂಕಿನ ಒತ್ತಡದ ಗಾಳಿ. ಈ ಲೋ-ಹೈಗೇ ರೇಂಜ್ ಅನ್ನುವುದು. ಬೆಳಿಗ್ಗೆ ಗಾಳಿ ಮುಳ್ಳು ಮೇಲೇರುವ ಮುಂಚೆ ಹೊರಟರೆ ರೇಂಜ್ ಸರಿಯಾಗಿ ಬದಲಾಗದೆ ಇರಬಹುದು. ಗೇರ್‌ಬಾಕ್ಸ್ ಹತ್ತಿರ ಸುಯ್ ಅಂತ ಸದ್ದು ಬಂದರೆ ತೋರಿಸಿ.

ನಮ್ಮಲ್ಲಿಗೆ ಜಾಸ್ತಿ ಬರುವ ಕೇಸು ಬೇರೆ. ಸ್ಪೀಡಲ್ಲಿರುವಾಗಲೇ ಐದರಿಂದ ನಾಲ್ಕಕ್ಕೆ ಎಳೆಯುವುದು. ಅದರಲ್ಲಿ ರೇಂಜ್‌ನ ಸಿಂಕ್ರೊ, ಅಂದರೆ ಗೇರ್ ಕೂರುವ ಮುಂಚೆ ವೇಗ ಹೊಂದಿಸುವ ಭಾಗ, ಸುಟ್ಟುಹೋಗುತ್ತದೆ. ಲಿವರ್ ಹೋಗಲ್ಲ ಅಂದರೆ ಗುದ್ದಬೇಡಿ. ವೇಗ ಇಳಿಸಿ, ಮತ್ತೆ ಕ್ಲಚ್ ತುಳಿದು ಹಾಕಿ.

ತೀರ್ಥಹಳ್ಳಿಯಿಂದ, ಈಗ ಓಡಿಸುತ್ತಿಲ್ಲ
ನಮ್ಮ ಕಾಲದ ಗಾಡಿಗೆ ಸಿಂಕ್ರೊನೇ ಇರಲಿಲ್ಲ. ಡಬಲ್ ಕ್ಲಚ್ ಹೊಡೆಯದಿದ್ದರೆ, ಅಂದರೆ ಒಂದೊಂದು ಗೇರ್‌ಗೂ ಎರಡು ಸಲ ಕ್ಲಚ್ ತುಳಿಯದಿದ್ದರೆ, ಕರ್ ಅಂತ ಹಲ್ಲು ಕಡಿಯುತ್ತಿತ್ತು. ಒಮ್ಮೆ ಹಲ್ಲು ಮುರಿದು ಎರಡು ತಿಂಗಳ ಸಂಬಳ ಕಟ್ ಆಯಿತು. ನಿಮಗೆ ಆ ಕಷ್ಟ ಇಲ್ಲ. ಆದರೆ ಘಾಟಿ ಮಾತು ಕೇಳಿ. ಆಗುಂಬೆಯಲ್ಲಿ 14 ತಿರುವು, ಭಾರಿ ಲಾರಿ ಬಿಡಲ್ಲ, ಆ ಚಿಂತೆ ಬೇಡ. ಹುಲಿಕಲ್‌ನಲ್ಲಿ ಇಳಿಜಾರು ಶುರುವಾಗುವ ಮುಂಚೆ, ಸಮತಟ್ಟಿನಲ್ಲೇ ಲೋ ಸಾಲಿಗೆ ಬನ್ನಿ. ಲೋಡ್ ನೋಡಿ ಮೂರೋ ನಾಲ್ಕೋ. ಆಮೇಲೆ ಕೆಳಗೆ ಮುಟ್ಟುವವರೆಗೂ ಸಾಲು ದಾಟಬೇಡಿ. ಇಳಿಜಾರಲ್ಲಿ ಐದರಿಂದ ನಾಲ್ಕಕ್ಕೆ ಅಂತ ನ್ಯೂಟ್ರಲ್ ಮಾಡಿ, ಅದು ಕಚ್ಚದೆ ಹೋದರೆ ಗಾಡಿ ನಿಮ್ಮ ಮಾತು ಕೇಳಲ್ಲ. ಕ್ಲಚ್ ತುಳಿದಷ್ಟು ಹೊತ್ತು, ಇಂಜಿನ್ ಹೊಗೆ ತಡೆದು ಗಾಡಿ ನಿಧಾನಿಸುವ ಎಕ್ಸಾಸ್ಟ್ ಬ್ರೇಕೂ ಇರಲ್ಲ. ಬರೀ ಕಾಲಿನ ಬ್ರೇಕ್, ಅದು ಕಾದು ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ರಿಪ್ಪನ್‌ಪೇಟೆಯಿಂದ
ಕ್ರಾಲರ್ ಗೇರ್ (ಒಂದಕ್ಕಿಂತಲೂ ಕೆಳಗಿನ, ತೀರಾ ನಿಧಾನದ ಗೇರ್) ದಿನಾ ಹಾಕಬೇಡಿ. ಲೋಡಲ್ಲಿ ಏರಿನಲ್ಲಿ ನಿಂತಾಗ ಮಾತ್ರ. ಖಾಲಿ ಗಾಡಿ ಸಮತಟ್ಟಲ್ಲಿ ಎರಡರಲ್ಲೇ ಎದ್ದು ಹೋಗುತ್ತೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಖಾಲಿ ಗಾಡಿ ಆಯನೂರುವರೆಗೆ ಹೋಗಿ ಬಂದೆ. ಅಂಗೈ ಏಟು ಕೆಲಸ ಮಾಡಿತು, ಏಳಕ್ಕೆ ಒಂದೇ ಸಲ ಬಿತ್ತು. ಐದರಿಂದ ನಾಲ್ಕಕ್ಕೆ ಬರುವಾಗ ಮಾತ್ರ ಇನ್ನೂ ಕೈ ನಡುಗುತ್ತದೆ. ಲೋಡ್ ಎರಡು ದಿನ ಮುಂದಕ್ಕೆ ಹಾಕಲು ಮಾಲೀಕರನ್ನು ಕೇಳಿದ್ದೇನೆ.