ನೆಲಮಾಳಿಗೆಯ ತೇವಕ್ಕೆ ಬಣ್ಣ ಬಳಿಯಬೇಕೇ, ಗಿಲಾವು ಮಾಡಿಸಬೇಕೇ?

ಪ್ರಶ್ನೆ: ಸರ್, ನಮ್ಮದು ಎಂಬತ್ತು ವರ್ಷ ದಾಟಿದ, ಕಲ್ಲು ಮತ್ತು ಸುಣ್ಣದ ಗಾರೆಯ ಮನೆ. ಕೆಳಗೊಂದು ನೆಲಮಾಳಿಗೆ ಇದೆ. ಮೆಟ್ಟಿಲು ಇಳಿಯುತ್ತಿದ್ದಂತೆಯೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಿಳಿ ಪುಡಿ. ಬೆರಳಾಡಿಸಿದರೆ ಹಿಟ್ಟಿನಂತೆ ಅಂಟುತ್ತದೆ, ಒರೆಸಿದ ವಾರದಲ್ಲೇ ಮತ್ತೆ ಹಾಜರು. ಗಾಳಿಯಾಡಲೆಂದು ಬೇಸಿಗೆಯಿಡೀ ಕಿಟಕಿ ತೆರೆದಿಟ್ಟೆ. ಆದರೂ ಪುಸ್ತಕದ ಪೆಟ್ಟಿಗೆಗಳ ತಳಕ್ಕೆ ಬೂಸ್ಟು ಹಿಡಿದಿದೆ. ಒಬ್ಬರು ಜಲನಿರೋಧಕ ಬಣ್ಣ ಬಳಿಸಿ ಎನ್ನುತ್ತಾರೆ, ಇನ್ನೊಬ್ಬರು ಸಿಮೆಂಟ್ ಗಿಲಾವು ಮಾಡಿಸಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ (ಹಳೆಯ ಕಟ್ಟಡಗಳ ದುರಸ್ತಿ ಮಾಡುವ ಸಿವಿಲ್ ಎಂಜಿನಿಯರ್): ಸದ್ಯಕ್ಕೆ ಎರಡೂ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮುನ್ನ ಗೋಡೆಗೆ ಏನು ಮೆತ್ತಿದರೂ ಹಣ ನೀರಿನಲ್ಲಿ ಹೋಮ.

ನಿಮ್ಮ ಕಿಟಕಿಯಿಂದಲೇ ಶುರು ಮಾಡೋಣ, ಏಕೆಂದರೆ ಈ ತಪ್ಪನ್ನು ಹತ್ತರಲ್ಲಿ ಎಂಟು ಮಂದಿ ಮಾಡುವುದನ್ನು ನೋಡಿದ್ದೇನೆ. ಹೊರಗೆ 30 ಡಿಗ್ರಿ ಸೆಕೆ, ಗಾಳಿಯಲ್ಲಿ ಶೇ. 70ರಷ್ಟು ತೇವಾಂಶ ಇದೆ ಎನ್ನಿ. ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದರೆ ಸಾಕು, ಹನಿಯೊಡೆಯುತ್ತದೆ. ಮಣ್ಣಿನಲ್ಲಿ ಹುದುಗಿದ ನಿಮ್ಮ ಗೋಡೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಅದೂ ಬೆವರುತ್ತದೆ. ತೇವ ಓಡಿಸಲೆಂದು ತೆರೆದ ಕಿಟಕಿಯಿಂದ ನೀವೇ ತೇವವನ್ನು ಒಳಗೆ ಕರೆದಿದ್ದೀರಿ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿ, ಒಣಗಿ ಇದ್ದಾಗ ಮಾತ್ರ ಕಿಟಕಿ ತೆರೆಯಿರಿ.

ಆದರೆ ಬಿಳಿ ಪುಡಿಯ ಕಥೆ ಬೇರೆ. ಅದು ಬೂಸ್ಟಲ್ಲ, ಉಪ್ಪು. ಬತ್ತಿ ಎಣ್ಣೆ ಹೀರುವಂತೆ ಗೋಡೆ ಮಣ್ಣಿನ ನೀರನ್ನು ಹೀರುತ್ತದೆ. ಮೇಲ್ಮೈಯಲ್ಲಿ ನೀರು ಆರಿ, ಅದರಲ್ಲಿ ಕರಗಿದ್ದ ಲವಣ ಉಳಿಯುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ.

ಈಗೊಂದು ಪರೀಕ್ಷೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹನಿಗಳು ನಿಮ್ಮ ಕಡೆ ಕಂಡರೆ ಅದು ಗಾಳಿಯ ತೇವ. ಗೋಡೆಯ ಕಡೆ ಕಂಡರೆ ಮಣ್ಣಿನ ನೀರು. ಎರಡೂ ಕಡೆ ಕಾಣುವುದೂ ಉಂಟು.

ಇನ್ನೊಂದು ಕೆಲಸ: ಜೋರು ಮಳೆ ಹೊಯ್ಯುವಾಗ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಈ ಕೆಲಸವನ್ನು ಯಾರೂ ಮಾಡುವುದಿಲ್ಲ! 100 ಚದರ ಮೀಟರ್ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಾರೆ ನೋಡಿ.

ಮತ್ತೊಬ್ಬ ಸದಸ್ಯೆ: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಒಳಗಡೆಯಿಂದ ಜಲನಿರೋಧಕ ಬಣ್ಣ ಹೊಡೆಸಿ ಒಂದು ವರ್ಷವಾಯಿತು. ಗೋಡೆ ಚೆನ್ನಾಗಿಯೇ ಇದೆಯಲ್ಲ?

ಉತ್ತರ: ಮೇಡಂ, ಗಟ್ಟಿ ಕಾಂಕ್ರೀಟ್ ಗೋಡೆಯಾಗಿದ್ದು, ತೇವ ಅಲ್ಪವಾಗಿದ್ದರೆ ಬಾಳಿಕೆ ಬರಬಹುದು. ಪ್ರಶ್ನೆ ಕೇಳಿದವರದು ಸುಣ್ಣದ ಗಾರೆಯ ಗೋಡೆ. ಅದು ಉಸಿರಾಡುತ್ತಲೇ ಬದುಕಿರುವುದು. ಅದರ ಮೈ ಮುಚ್ಚಿದರೆ ನೀರು ಆರಲು ಜಾಗ ಹುಡುಕುತ್ತಾ ಇನ್ನೂ ಮೇಲೇರುತ್ತದೆ. ಬಣ್ಣದ ಹಿಂದೆ ಉಪ್ಪು ಹರಳುಗಟ್ಟಿ ಹೊರಕ್ಕೆ ನೂಕುತ್ತದೆ. ಸಿಮೆಂಟ್ ಗಿಲಾವಿನ ಹಣೆಬರಹವೂ ಅದೇ, ಕೆಡುವಾಗ ಕಲ್ಲಿನ ಚೂರನ್ನೂ ಜೊತೆಗೆ ಕಿತ್ತುಕೊಂಡು ಬೀಳುತ್ತದೆ. ನಿಮ್ಮ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಒಳಗೆ ಕೆಲಸ ಶುರುವಾಗಿದೆ ಎಂದೇ ಅರ್ಥ.

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ): ಹಾಳೆಯ ಎರಡೂ ಕಡೆ ಹನಿ ಇತ್ತು, ಗೋಡೆಯ ಕಡೆಯೇ ಹೆಚ್ಚು. ಮಳೆಯಲ್ಲಿ ಸುತ್ತಿದಾಗ ನಾಚಿಕೆಯಾಯಿತು ಸರ್. ಚಾವಣಿಯಿಂದ ಇಳಿಯುವ ಕೊಳವೆ ಗೋಡೆಯ ಬುಡದಲ್ಲೇ ಮುಗಿಯುತ್ತದೆ. ಅಲ್ಲೇ ನಾನು ಹೂವಿನ ಪಾತಿ ಮಾಡಿ ಒಡ್ಡು ಕಟ್ಟಿದ್ದೇನೆ. ನೀರು ಕೆರೆಯಂತೆ ನಿಂತಿತ್ತು.

ಉತ್ತರ: ಒಳ್ಳೆಯ ಸುದ್ದಿ, ಇದಕ್ಕಿಂತ ಅಗ್ಗದ ಕಾಯಿಲೆ ಇಲ್ಲ. ಪಾತಿಯನ್ನು ಬೇರೆಡೆಗೆ ಸಾಗಿಸಿ. ಕೊಳವೆಯನ್ನು ಗೋಡೆಯಿಂದ ಕನಿಷ್ಠ ಎರಡು ಮೀಟರ್ ಆಚೆಗೆ ಒಯ್ಯಿರಿ. ಮೊದಲ ಮೂರು ಮೀಟರ್‌ನಲ್ಲಿ 15 ಸೆಂಟಿಮೀಟರ್ ಇಳಿಜಾರು ಬರುವಂತೆ ಮಣ್ಣು ತುಂಬಿ. ಮರಳಲ್ಲ, ಜೇಡಿ ಬೆರೆತ ಮಣ್ಣು. ಇಷ್ಟಾದ ಮೇಲೂ ಗೋಡೆ ಮತ್ತು ನೆಲ ಕೂಡುವ ಸಂದಿಯಿಂದ ದಿನಗಟ್ಟಲೆ ನೀರು ಜಿನುಗಿದರೆ ಅಂತರ್ಜಲ ಮೇಲೆ ಬಂದಿದೆ ಎಂದರ್ಥ. ಆಗ ಸುತ್ತ ತೂತಿನ ಕೊಳವೆ ಹೂಳಿ, ಗುಂಡಿ ತೋಡಿ ಪಂಪ್ ಇಡುವ ಮಾತು. ಅಲ್ಲಿಯವರೆಗೆ ಅದಕ್ಕೆ ಕೈ ಹಾಕಬೇಡಿ.

ಒಳಗೆ ತೇವಾಂಶಮಾಪಕ ಒಂದನ್ನು ಇಡಿ. ಅಂಕಿ ಶೇ. 60 ದಾಟಿದಾಗ ಕಿಟಕಿ ಬಾಗಿಲು ಮುಚ್ಚಿ ತೇವ ಹೀರುವ ಯಂತ್ರ ಓಡಿಸಿ. ಕಿಟಕಿ ತೆರೆದು ಓಡಿಸಿದರೆ ಊರ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಸಾಮಾನನ್ನು ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ರಟ್ಟಿನ ಪೆಟ್ಟಿಗೆಗಳು ಬೂಸ್ಟಿಗೆ ಮೃಷ್ಟಾನ್ನ, ಎಸೆದುಬಿಡಿ. ಗೋಡೆಯಲ್ಲಿ ವಿದ್ಯುತ್ ಸಾಕೆಟ್‌ಗಳಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಇದರಲ್ಲಿ ಮಾತ್ರ ತಡ ಬೇಡ.

ಪ್ರಶ್ನೆ ಕೇಳಿದವರು: ಗೋಡೆ ಯಾವಾಗ ಒಣಗುತ್ತದೆ?

ಉತ್ತರ: ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ನಾವು ಹಿಡಿಯುವ ಒರಟು ಲೆಕ್ಕ. ನಿಮ್ಮ ಗೋಡೆ 450 ಮಿಲಿಮೀಟರ್ ಇದ್ದರೆ ಒಂದೂವರೆ ವರ್ಷ. ಮೊದಲ ಕೆಲವು ತಿಂಗಳು ಉಪ್ಪು ಹೆಚ್ಚೇ ಬರಬಹುದು, ಗಾಬರಿಯಾಗಬೇಡಿ. ಬಿಳಿ ಪುಡಿಯ ಮೇಲಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಮುಂದಿನ ಮಳೆಗಾಲ ಮುಗಿದ ಮೇಲೆ ಅದರ ಚಿತ್ರ ಹಾಕಿ, ಸುಣ್ಣದ ಗಿಲಾವಿನ ಮಾತು ಆಗ ಆಡೋಣ.