“ಎಲ್ಲರೂ ಹೇಳ್ತಾರೆ” ಅನ್ನುವ ಮಾತನ್ನು ಒರೆಗೆ ಹಚ್ಚುವುದು ಹೇಗೆ?

ಕಡಲಕರೆ:
ನಮ್ಮ ಮಂಗಳೂರು, ಉಡುಪಿ ಕಡೆ ಬದುಕಿಗೆ ಮೊದಲೇ ಗೀಟು ಎಳೆದಿಟ್ಟ ಹಾಗೆ ಉಂಟು. ಪಿಯುಸಿಗೆ ಸೈನ್ಸ್, ಮತ್ತೆ ಇಂಜಿನಿಯರಿಂಗ್, ಆಮೇಲೆ ಬೆಂಗಳೂರೋ ಗಲ್ಫೋ, ಮೂವತ್ತು ತುಂಬುವುದರೊಳಗೆ ಒಂದು ಫ್ಲ್ಯಾಟ್. “ಬಾಡಿಗೆ ಕೊಟ್ಟದ್ದು ನೀರಿಗೆ ಹಾಕಿದ ಹಾಗೆ”, “ಊರಲ್ಲಿ ಎಂತ ಉಂಟು?” ಎಂಬ ಮಾತುಗಳನ್ನು ಯಾರೂ ತಿರುಗಿ ಕೇಳುವುದಿಲ್ಲ. ಊರಿನ ಚರಿತ್ರೆಯೂ ಅಷ್ಟೆ, ಬಾಯಿಂದ ಬಾಯಿಗೆ ಬಂದದ್ದೇ ಪ್ರಮಾಣ. ಇಂಥದ್ದನ್ನು ಪರೀಕ್ಷೆ ಮಾಡುವ ಕ್ರಮ ಯಾವುದು? ಪೊಳ್ಳು ಅಂತ ಗೊತ್ತಾದ ಮೇಲೆ ಆ ಜಾಗದಲ್ಲಿ ನಮ್ಮದು ಅಂತ ಎಂತ ಇಡುವುದು? ಹುರಿದುಂಬಿಸುವ ಮಾತು ಬೇಡ, ಪೆನ್ನು ಹಿಡಿದು ಕೂತು ಮಾಡುವಂಥದ್ದು ಹೇಳಿ.

ಲೆಕ್ಕದಪುಸ್ತಕ:
ಮೊದಲು ಆ ಮಾತನ್ನು ಅಳೆಯಲಿಕ್ಕೆ ಬರುವ ಹಾಗೆ ತಿದ್ದಿ ಬರೆಯಿರಿ. “ಸ್ವಂತ ಮನೆ ಒಳ್ಳೆಯದು” ಎನ್ನುವುದನ್ನು ಸರಿಯೋ ತಪ್ಪೋ ಅಂತ ಯಾರೂ ತೀರ್ಮಾನಿಸಲಾರರು. “ಇದೇ ಕಟ್ಟಡದಲ್ಲಿ ಬಾಡಿಗೆಗೆ ಇರುವುದಕ್ಕಿಂತ ಸಾಲ ಮಾಡಿ ಕೊಂಡರೆ 20 ವರ್ಷದ ಕೊನೆಗೆ ಹೆಚ್ಚು ಉಳಿಯುತ್ತದೆ” ಅಂತ ಬರೆದರೆ ಲೆಕ್ಕ ಹಾಕಬಹುದು.

50 ಲಕ್ಷದ ಫ್ಲ್ಯಾಟು, 10 ಲಕ್ಷ ಕೈಯಿಂದ, 40 ಲಕ್ಷ ಸಾಲ, ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಅಂತ ಇಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 34,700. ಮೊದಲ ಕಂತಿನಲ್ಲಿ 28,333 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 6,400ರ ಒಳಗೆ. ಐದು ವರ್ಷ ತಪ್ಪದೆ 20.8 ಲಕ್ಷ ಕಟ್ಟಿದ ಮೇಲೂ ಸಾಲ 35 ಲಕ್ಷ ಚಿಲ್ಲರೆ ನಿಂತಿರುತ್ತದೆ. ಕೊನೆಯವರೆಗೆ ಕಟ್ಟುವ ಮೊತ್ತ 83 ಲಕ್ಷ ದಾಟುತ್ತದೆ. ಅದೇ ಫ್ಲ್ಯಾಟಿಗೆ ಬಾಡಿಗೆ 15,000 ಇದ್ದರೆ ವರ್ಷಕ್ಕೆ 1.8 ಲಕ್ಷ, ಬೆಲೆಯ ಶೇಕಡಾ 3.6. ಬಾಡಿಗೆ ನೀರಿಗೆ ಹೋಗುತ್ತದೆ ಅನ್ನುವವರು ಬಡ್ಡಿ ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳಬೇಕಲ್ಲ.

ಲೆಕ್ಕ ತಪ್ಪುವುದು ಎರಡೂ ಕಡೆ. ಕೊಳ್ಳುವ ಪಕ್ಷದವರು ನೋಂದಣಿ, ಮೇಂಟೆನೆನ್ಸ್, ಮನೆ ತೆರಿಗೆ ಸೇರಿಸುವುದಿಲ್ಲ. ಬಾಡಿಗೆ ಪಕ್ಷದವರು ಬಾಡಿಗೆ ಏರುವುದನ್ನೂ ಫ್ಲ್ಯಾಟಿನ ಬೆಲೆ ಏರುವುದನ್ನೂ ಬಿಡುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು, ಕಂತಿಗೂ ಬಾಡಿಗೆಗೂ ನಡುವಿನ ವ್ಯತ್ಯಾಸದ 19,700 ತಿಂಗಳು ತಿಂಗಳು ತನ್ನಷ್ಟಕ್ಕೆ ಉಳಿಯುತ್ತದೆ ಅಂತ ನಂಬುವುದು. ಸಂಬಳ ಬಂದ ದಿನವೇ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿಗೆ) ಕಡಿತ ಆಗುವ ವ್ಯವಸ್ಥೆ ಇಲ್ಲದಿದ್ದರೆ ಆ ದುಡ್ಡು ಖರ್ಚಾಗಿಯೇ ಹೋಗುತ್ತದೆ. ಒಂದೇ ಕಡೆ ಇಪ್ಪತ್ತು ವರ್ಷ ಇರುವವರಿಗೆ ಕೊಳ್ಳುವುದೇ ಸರಿ ಅಂತ ಬರಬಹುದು, ಬರಲಿ.

ಗುಡ್ಡೆಬದಿ:
ಚರಿತ್ರೆಯಾದರೆ ಹೆಸರಿನಿಂದ ಶುರು ಮಾಡಿ. 1837ರ ಏಪ್ರಿಲ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸರಕಾರದ ವಿರುದ್ಧ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ಪಟ್ಟಣದವರ ಬಾಯಲ್ಲಿ ಅದು, ದಂಡಿನ ಮುಂದಾಳಿನ ಹೆಸರು ಹಿಡಿದು, “ಕಲ್ಯಾಣಪ್ಪನ ಕಾಟಕಾಯಿ”, ಅಂದರೆ ಲೂಟಿ, ದಾಂಧಲೆ. ಸುಳ್ಯದವರಿಗೆ ಅದೇ ಘಟನೆ ಸ್ವಾತಂತ್ರ್ಯದ ಹೋರಾಟ. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಒಂದು ಬೈಗುಳದ ಹೆಸರು ಅಷ್ಟು ಕಾಲ ಹೇಗೆ ಉಳಿಯಿತು ಅಂತ ಕೇಳಿಕೊಳ್ಳಿ.

ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾರು ಹೇಳಿದ್ದು, ಘಟನೆಯಾಗಿ ಎಷ್ಟು ವರ್ಷಕ್ಕೆ, ಯಾರಿಗೆ ಹೇಳಿದ್ದು, ಹೇಳಿದವನಿಗೆ ಏನು ನಷ್ಟ ಆಗುವುದಿತ್ತು. ಪ್ರತಿ ಆಧಾರಕ್ಕೆ ಒಂದು ಸಾಲು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು 1843ರ ಜುಲೈ 1ಕ್ಕೆ. ಅಂದರೆ ದಂಡು ಬಂದಾಗ ಕನ್ನಡದಲ್ಲಿ ಸುದ್ದಿ ಬರೆಯುವ ಪತ್ರಿಕೆಯೇ ಇರಲಿಲ್ಲ. ಕಂಪನಿ ಸರಕಾರದ ಕಚೇರಿ ಬರೆದದ್ದು ಕಾಗದವಾಗಿ ಉಳಿಯಿತು, ಸೋತವರದ್ದು ಮನೆಮಾತಾಗಿ ಉಳಿಯಿತು. ಸ್ಟರಕ್ ಬರೆದ ದಕ್ಷಿಣ ಕನ್ನಡದ ಜಿಲ್ಲಾ ಕೈಪಿಡಿ ಬಂದದ್ದು 1894ರಲ್ಲಿ, ಅದೂ ಸರಕಾರಿ ಅಧಿಕಾರಿಯ ಬರಹವೇ. ಓದಲೇಬೇಕು, ಎರಡನೇ ಕಾಲಂನಲ್ಲಿ 57 ಅಂತ ಬರೆದುಕೊಂಡು ಓದಬೇಕು.

ಇಲ್ಲಿ ಜಾರುವುದು ಎಲ್ಲಿ ಅಂದರೆ, ಹಳೇ ಕಥೆ ಬಿಟ್ಟವರು ಅದನ್ನೇ ತಲೆಕೆಳಗೆ ಮಾಡಿ ಹಿಡಿದುಕೊಳ್ಳುತ್ತಾರೆ. ನಿನ್ನೆವರೆಗೆ ಲೂಟಿಕೋರರು, ಇವತ್ತಿನಿಂದ ಒಂದು ತಪ್ಪೂ ಮಾಡದ ವೀರರು. 1834ರಲ್ಲಿ ಕಂಪನಿಯು ಸುಳ್ಯವೂ ಸೇರಿದ್ದ ಕೊಡಗನ್ನು ವಶಪಡಿಸಿಕೊಂಡ ಮೇಲೆ ಕಂದಾಯವನ್ನು ಬೆಳೆಯ ಬದಲು ನಗದಿನಲ್ಲಿ ಕೇಳಿದ್ದು ರೈತನಿಗೆ ನಿಜವಾದ ಪೆಟ್ಟು. ದಂಡು ಬಂದ ದಿನ ಅಂಗಡಿ ಮುಚ್ಚಿ ಕೂತವನ ಹೆದರಿಕೆಯೂ ನಿಜವೇ. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಡಿ.

ಬಾವಿಕಟ್ಟೆ:
ಎರಡನೇ ಪ್ರಶ್ನೆಗೆ ನನ್ನ ಉತ್ತರ: ಅರ್ಥ ಹುಡುಕಲಿಕ್ಕೆ ಹೊರಡಬೇಡಿ, ಒಂದು ಸಣ್ಣ ಸಂಗತಿಯನ್ನು ಬಿಡದೆ ನೋಡಲು ಶುರು ಮಾಡಿ. ಮನೆಯಲ್ಲಿ ಬಾವಿ ಉಂಟಾ? ಅದೇ ಸಾಕು. ಕಟ್ಟೆಯ ಅಂಚಿನಲ್ಲಿ ಒಂದು ಕಡೆ ಪೈಂಟಿನಲ್ಲಿ ಗುರುತು ಹಾಕಿ. ಹಗ್ಗದ ತುದಿಗೆ ಕಾಲು ಕಿಲೋ ತೂಕ ಕಟ್ಟಿ, ಅರ್ಧರ್ಧ ಅಡಿಗೆ ಬಣ್ಣದ ದಾರ ಸುತ್ತಿ. ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಅದೇ ಗುರುತಿನಿಂದ ಇಳಿಸಿ ನೀರು ಮುಟ್ಟುವ ಆಳ ಬರೆಯಿರಿ. ಪಂಪು ಬಿಟ್ಟ ಮೇಲೆ ಅಳೆದರೆ ಲೆಕ್ಕ ಕೆಟ್ಟಿತು, ಬಾವಿಗೆ ಮತ್ತೆ ಒರತೆ ತುಂಬಲು ಹೊತ್ತು ಬೇಕು. ಹಗ್ಗ ಹೊಸದಾದರೆ ಒಂದು ರಾತ್ರಿ ನೆನೆಸಿ, ಎಳೆದು ಒಣಗಿಸಿ ಗುರುತು ಮಾಡಿ, ಇಲ್ಲದಿದ್ದರೆ ಉದ್ದ ಬದಲಾಗುತ್ತದೆ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಮೇ ತಿಂಗಳಿಗೆ ಬಾವಿ ತಳ ಕಾಣುತ್ತದೆ. ಮಳೆ ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬೀಳುತ್ತದೆ, ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಅದನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. “ಈ ಸಲ ನೀರು ಬೇಗ ಬತ್ತಿತು” ಅಂತ ಪ್ರತಿ ವರ್ಷ ಕೇಳುವ ಮಾತು ನಿಜವೋ ಅಲ್ಲವೋ, ಎರಡು ವರ್ಷದ 104 ಸಾಲು ಹೇಳುತ್ತದೆ. ನೆರೆಯ ಮೂರು ಮನೆಯವರು ಸೇರಿದರೆ ಇನ್ನೂ ಗಟ್ಟಿ. ಅಷ್ಟರಲ್ಲಿ ಆ ಜಾಗ ನಿಮ್ಮದಾಗಿರುತ್ತದೆ, ಪಹಣಿಯಲ್ಲಿ ಯಾರ ಹೆಸರು ಇದ್ದರೂ. ಬಾವಿ ಇಲ್ಲದವರು ಯಕ್ಷಗಾನದ ಹೆಜ್ಜೆಯೋ ಚೆಂಡೆಯೋ ಕಲಿಯಲಿ, ವಾರಕ್ಕೆ ಎರಡು ದಿನ, ಜನರ ಜೊತೆ. ಒಬ್ಬರೇ ಮೊಬೈಲು ನೋಡಿ ಕಲಿತರೆ ಮೂರನೇ ವಾರಕ್ಕೆ ನಿಲ್ಲುತ್ತದೆ, ಬರಲಿಲ್ಲ ಯಾಕೆ ಅಂತ ಕೇಳುವವರು ಇರುವುದಿಲ್ಲವಲ್ಲ.

ಕಡಲಕರೆ:
ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕದಪುಸ್ತಕದವರೇ, ಈ ಫ್ಲ್ಯಾಟಿನ ಲೆಕ್ಕವನ್ನು ಮನೆಯ ಹಿರಿಯರ ಮುಂದೆ ಇಡುವುದು ಹೇಗೆ ಮಾರಾಯ್ರೆ? ಎದುರು ಮಾತಾಡಿದ ಹಾಗೆ ಆಗಬಾರದು.

ಲೆಕ್ಕದಪುಸ್ತಕ:
ಬಾಯಲ್ಲಿ ಹೇಳಬೇಡಿ, ಕೈಯಲ್ಲಿ ಬರೆದ ಒಂದೇ ಹಾಳೆ ಕೊಡಿ. ಕೊನೆಯ ಮೊತ್ತ ಬರೆಯದೆ ಖಾಲಿ ಬಿಡಿ. ಬಾಡಿಗೆ ಎಷ್ಟು ಹಿಡಿಯಬೇಕು, ಬೆಲೆ ವರ್ಷಕ್ಕೆ ಎಷ್ಟು ಏರಬಹುದು ಅಂತ ಅವರನ್ನೇ ಕೇಳಿ, ಅವರು ಹೇಳಿದ ಅಂಕಿಯನ್ನೇ ತುಂಬಿ. ಊಟವಾದ ಮೇಲೆ ಕೊಡಿ, ಉತ್ತರಕ್ಕೆ ಒಂದು ವಾರ ಬಿಡಿ.